ನೀರು ಕುಡಿದ ಊರುಗಳು

ಸತ್ತವರು ವಿಮಾನದಲ್ಲಿ ಹೋದರೆ ಸಾಲದಂತೆ, ನಡೆದೂ ಹೋಗಬೇಕಂತೆ.

ಚೀನಾದಿಂದ ಲಾನ್ ಎಂಬ ಹುಡುಗಿ ಫೋನು ಮಾಡಿ ಹೀಗೆ ಹೇಳಿದಾಗ ಎವ್ಲಿನ್ ಬಾಯಿ ದುಬೈಯ ಅಲ್ ಕುಸೈಸಿನ ತನ್ನ ಫ್ಲ್ಯಾಟಿನ ಅಡುಗೆಕೋಣೆಯಲ್ಲಿ ಒಂದು ಜಾಡಿಯ ಎದುರು ನಿಂತಿದ್ದಳು. ಸುಸನ್ ಹಾಕಿಟ್ಟಿದ್ದ ಸಾಸಿವೆ ಸೊಪ್ಪಿನ ಹುಳಿ ಉಪ್ಪಿನಕಾಯಿ. "ಇದರ ನಾತಕ್ಕೆ ಲಿಫ್ಟಲ್ಲಿ ಬರುವವರೂ ಮೂಗು ಮುಚ್ತಾರೆ ಮಾರಾಯ್ತಿ" ಎಂದು ವರ್ಷಗಟ್ಟಲೆ ಬೈಗುಳ ತಿಂದ ಜಾಡಿ. ಎಸೆಯಲು ಕೈ ಬಾರದು, ಇಡಲು ಮನಸ್ಸು ಬಾರದು.

ಸುಸನ್ ಸತ್ತು ಹನ್ನೊಂದು ದಿನವಾಗಿತ್ತು. ಡ್ರ್ಯಾಗನ್ ಮಾರ್ಟ್ ಎಂಬ ಚೀನೀ ಮಾರುಕಟ್ಟೆಯ ಲೇಸಿನ ಅಂಗಡಿಯಲ್ಲಿ ಗಿರಾಕಿಯೊಬ್ಬಳಿಗೆ ಮೂರು ಮೀಟರ್ ಲೇಸು ಅಳೆಯುತ್ತಿದ್ದವಳು ಎರಡು ಮೀಟರಿಗೆ ಕುಸಿದು ಕುಳಿತಳು. ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ವಯಸ್ಸು ಮೂವತ್ತೊಂಬತ್ತು. ಕಾಗದಪತ್ರವೆಲ್ಲ ಮುಗಿದು ಆ ಗುರುವಾರ ಬೆಳಿಗ್ಗೆ ಪೆಟ್ಟಿಗೆ ವಿಮಾನ ಹತ್ತಿತ್ತು. ಎವ್ಲಿನ್ ಬಾಯಿ ಶಿಲುಬೆಯ ಗುರುತು ಹಾಕಿಕೊಂಡು, ಇನ್ನೇನು, ಖಲಾಸ್ ಎಂದು ಮನೆಗೆ ಬಂದಿದ್ದಳು.

ಸುಸನ್ ಎಂದರೆ ನಮ್ಮ ಕಡೆಯ ಸುಸನ್ ಎಂದುಕೊಳ್ಳಬೇಡಿ. ಅದು ಅಂಗಡಿಯಲ್ಲಿ ಗಿರಾಕಿಗಳ ನಾಲಿಗೆಗೆ ಸುಲಭವಾಗಲೆಂದು ಇಟ್ಟುಕೊಂಡ ಹೆಸರು. ಪಾಸ್‌ಪೋರ್ಟಿನಲ್ಲಿ ಯಾಂಗ್ ಶ್ಯೂಹ್ವಾ. ಹೆತ್ತ ತಾಯಿ ಕರೆಯುತ್ತಿದ್ದದ್ದು ಪಾಂಗ್, ಅಂದರೆ ಹೂವು. ಊರು ಗುಯ್‌ಜೋ ಪ್ರಾಂತ್ಯದ ಗುಡ್ಡಗಳ ನಡುವಿನ ಚಾಂಗ್‌ಪೋ. ನೀನು ಚೀನಾದವಳಾ ಎಂದು ಕೇಳಿದರೆ ಹೌದೆಂದು ಅರ್ಧ ತಲೆಯಾಡಿಸಿ, "ಮಿಯಾವೊ" ಎಂದು ಎದೆ ಮುಟ್ಟಿ ತೋರಿಸುತ್ತಿದ್ದಳು. ಆ ಗುಡ್ಡಗಾಡಿನ ಜನಾಂಗದ ಭಾಷೆ ಬೇರೆ, ಉಡುಪು ಬೇರೆ, ಹಿರಿಯರು ಬೇರೆ. ಎವ್ಲಿನ್ ಬಾಯಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದುಬೈಯಲ್ಲಿ ಎಲ್ಲರ ಕಣ್ಣಿಗೆ ಇಂಡಿಯನ್, ಮನೆಯೊಳಗೆ ಕೊಂಕಣಿ, ಕೆಳಗಿನ ಅಂಗಡಿಯಲ್ಲಿ ತುಳು, ಈ ಲೆಕ್ಕ ಅವಳಿಗೂ ಇತ್ತಲ್ಲ!

ಚಾಂಗ್‌ಪೋವನ್ನು ಎವ್ಲಿನ್ ಕಣ್ಣಾರೆ ಕಂಡವಳಲ್ಲ, ಆದರೆ ಕಣ್ಣು ಮುಚ್ಚಿದರೆ ನಡೆದಾಡಬಲ್ಲಳು. ಬಸ್ಸು ನಿಲ್ಲುವಲ್ಲಿಂದ ಮುನ್ನೂರು ಚಿಲ್ಲರೆ ಕಲ್ಲಿನ ಮೆಟ್ಟಿಲು. ಆರು ದಿನಕ್ಕೊಮ್ಮೆ ಸಂತೆ. ಸುತ್ತಲಿನ ಹಳ್ಳಿಗಳ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮಂಜಿನೊಳಗಿಂದ ಇಳಿದು ಬರುತ್ತಾರೆ. ಬಟ್ಟೆಗೆ ನೀಲಿ ಬಣ್ಣ ಕಟ್ಟುವ ಮರದ ತೊಟ್ಟಿಗಳ ವಾಸನೆ ಓಣಿಯ ತುಂಬ. ಮದುವಣಗಿತ್ತಿಯರ ತಲೆಯ ಮೇಲೆ ಬೆಳ್ಳಿಯ ಕೋಡು. ಹೆಂಗಸರ ಲಂಗದ ಅಂಚಿನಲ್ಲಿ ಅಡ್ಡ ಗೆರೆಗಳ ಕಸೂತಿ. ಒಂದೊಂದು ಗೆರೆಯೂ ಹಿಂದೆ ಯಾವ ಕಾಲದಲ್ಲೋ ಅವರ ಹಿರಿಯರು ದಾಟಿ ಬಂದ ಒಂದೊಂದು ನದಿ. "ನಮ್ಮದು ಪುಸ್ತಕ ಇಲ್ಲ ಆಂಟಿ," ಎಂದಿದ್ದಳು ಸುಸನ್, ತನ್ನ ಹರಕು ಹಿಂದಿಯಲ್ಲಿ, "ನಮ್ಮದು ಲಂಗ."

ಈಗ ಆ ಊರಿನಿಂದ ಮಾತಾಡುತ್ತಿದ್ದವಳು ಸುಸನ್‌ಳ ಅಣ್ಣನ ಮಗಳು. ಊರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಒಂದೊಂದು ಮಾತನ್ನೂ ಕರಿಹಲಗೆಯ ಮೇಲೆ ಬರೆದಂತೆ ಬಿಡಿಸಿ ಹೇಳುತ್ತಿದ್ದಳು.

"ನಮ್ಮಲ್ಲಿ ದಾರಿ ಹೇಳುವ ಅಜ್ಜ ಒಬ್ಬರಿದ್ದಾರೆ ಆಂಟಿ. ಭಾನುವಾರ ಹಾಡ್ತಾರೆ. ಅತ್ತೆ ಸತ್ತ ಜಾಗದಿಂದ ಹಾಡು ಶುರು. ಅಲ್ಲಿಂದ ಅದಕ್ಕಿಂತ ಮೊದಲಿದ್ದ ಮನೆ, ಅದಕ್ಕಿಂತ ಮೊದಲಿನದ್ದು, ಹಾಗೆ ಹಿಂದೆ ಹಿಂದೆ ನಡೆಸಿ, ಅವಳು ಹುಟ್ಟಿದಾಗ ಜೊತೆಗೆ ಬಂದ ಮಾಸು ಹೂತಿಟ್ಟ ಜಾಗದವರೆಗೆ ಕರೆದುಕೊಂಡು ಬರಬೇಕು. ಅಲ್ಲಿಂದ ಹಿರಿಯರ ಹತ್ತಿರ ಹೋಗಲು ಅವಳಿಗೇ ದಾರಿ ಗೊತ್ತಾಗ್ತದೆ."

"ಒಂದು ಮನೆ ಬಿಟ್ಟುಹೋದ್ರೆ?"

"ಅಲ್ಲಿಗೇ ನಿಂತುಬಿಡ್ತಾಳೆ. ಹೊಳೆಯ ಸಂಕ ಮುರಿದ ಹಾಗೆ."

ಒಂದೊಂದು ಮನೆಯಲ್ಲೂ ಆತ್ಮ ನಿಂತು, ನಿಮ್ಮ ನೀರು ಕುಡಿದೆ, ನಿಮ್ಮ ಒಲೆಯಲ್ಲಿ ಬೆಂಕಿ ಉರಿಸಿದೆ ಎಂದು ಆ ಮನೆಯವರ ಹೆಸರು ಹೇಳಿ ಕೈಮುಗಿದು ಬರಬೇಕಂತೆ. ಹಾಗಾಗಿ ಯಾವ ಯಾವ ಮನೆ, ಯಾರ ನೀರು, ಎಲ್ಲ ಸರಿಯಾಗಿ ಬೇಕು.

"ಅಷ್ಟೇ ಅಲ್ವಾ? ಬರ್ಕೊ ಮಗಾ," ಎಂದಳು ಎವ್ಲಿನ್. ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷ ರೋಗಿಗಳ ಫೈಲು ಜೋಡಿಸಿದವಳಿಗೆ ಇದು ದೊಡ್ಡದೇ? "ಲೇಸಿನ ಅಂಗಡಿ. ಅದಕ್ಕೆ ಮೊದಲು ನನ್ನ ಮನೆ, ಅಲ್ ಕುಸೈಸ್. ನೀರು ಎವ್ಲಿನ್‌ದು. ಅದಕ್ಕೆ ಮೊದಲು ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕಂಪೆನಿ ರೂಮು. ಅದಕ್ಕೆ ಹಿಂದಿನದ್ದು ನಿಮ್ಮ ಚೀನಾದ್ದು, ನಿಮಗೇ ಗೊತ್ತು."

ಆ ಕಡೆ ಪೆನ್ನಿನ ಸದ್ದು ನಿಂತಿತು. "ಆಂಟಿ, ನಿಮ್ಮ ಮನೆ ಹತ್ತಿರ ಸಮುದ್ರ ಉಂಟಾ?"

"ಇಲ್ಲ. ಯಾಕೆ?"

"ಎರಡು ವರ್ಷದ ಹಿಂದೆ, ಮಾರ್ಚಿನಿಂದ ಜೂನಿನವರೆಗೆ, ಅತ್ತೆ ಫೋನು ಮಾಡಿದಾಗೆಲ್ಲ ಹಿಂದಿನಿಂದ ಏನೋ ದೊಡ್ಡದಾಗಿ ಕೂಗ್ತಿತ್ತು. ಅಜ್ಜಿ ಹೆದರಿ, ಅದು ಯಾವ ಕೋಣ ಹಾಗೆ ಕೂಗುವುದು ಅಂತ ಕೇಳಿದ್ರು. ಅತ್ತೆ ನಕ್ಕು, ಕೋಣ ಅಲ್ಲ ಹಡಗು, ಈಗ ಸಮುದ್ರದ ಹತ್ತಿರ ಇದ್ದೇನೆ ಅಂದಿದ್ರು. ಅದು ಯಾರ ಮನೆ?"

ಎವ್ಲಿನ್ ಬಾಯಿಯ ಕೈ ಜಾಡಿಯ ಮೇಲೆಯೇ ಇತ್ತು. "ಕೇಳಿ ಹೇಳ್ತೇನೆ," ಎಂದು ಫೋನು ಇಟ್ಟಳು.

ಯಾರ ಹತ್ತಿರ ಕೇಳುವುದು? ಆ ಮೂರು ತಿಂಗಳು ಸುಸನ್ ಎಲ್ಲಿದ್ದಳೆಂದು ಎವ್ಲಿನ್‌ಗೆ ಗೊತ್ತಿರಲಿಲ್ಲ. ಯಾಕೆ ಹೋದಳೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಫೆಲಿಕ್ಸ್ ತೀರಿಕೊಂಡ ಮರುವರ್ಷ ಸುಸನ್ ಆ ಫ್ಲ್ಯಾಟಿಗೆ ಬಂದದ್ದು. ಫೆಲಿಕ್ಸ್ ಎವ್ಲಿನ್‌ಳ ಗಂಡ, ಕೋವಿಡ್ಡಿನಲ್ಲಿ ಹೋದ. ಆಸ್ಪತ್ರೆಯ ಗೇಟಿನಿಂದ ಒಳಗೆ ಬಿಡಲಿಲ್ಲ. ಒಂಬತ್ತನೆಯ ದಿನ ಅದೇ ಗೇಟಿಗೆ ಅವನ ಕನ್ನಡಕ, ವಾಚು, ಜಪಮಾಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಂದವು. ಮಕ್ಕಳಿಲ್ಲದ ಮನೆ. ಅಂದಿನಿಂದ ಎವ್ಲಿನ್ ಅತ್ತವಳಲ್ಲ, ನಕ್ಕವಳಲ್ಲ. ಕ್ಲಿನಿಕ್ಕಿಗೆ ಹೋಗಿ ಬರುವಳು, ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ತಿಳಿಯದೆ ಉಣ್ಣುವಳು. ಒಂಟಿ ಇರಬಾರದೆಂದು ಊರಿನವಳೇ ಆದ ನರ್ಸು ಜೋಯ್ಲಿನ್‌ಗೆ ಒಂದು ಕೋಣೆ ಕೊಟ್ಟಳು. ಜೋಯ್ಲಿನ್ ತನ್ನ ಪರಿಚಯದ ಸುಸನ್‌ಳನ್ನು ಕರೆತಂದಳು.

ಸುಸನ್ ಬಂದ ಎರಡನೆಯ ದಿನವೇ "ಜೆವಾಣ್ ಜಾಲೆಂ?" ಎಂದು ಕೊಂಕಣಿಯಲ್ಲಿ ಊಟ ಆಯಿತೇ ಎಂದು ಕೇಳಲು ಕಲಿತಳು. ಬೆಳಿಗ್ಗೆ ಆರಕ್ಕೆ ಕಂಡರೂ ಜೆವಾಣ್ ಜಾಲೆಂ, ಬಚ್ಚಲಿನಿಂದ ಹೊರಗೆ ಬಂದರೂ ಜೆವಾಣ್ ಜಾಲೆಂ. ಒಂದೇ ಒಂದು ದುರಭ್ಯಾಸವೆಂದರೆ ಮನೆಯ ಮುಂಬಾಗಿಲನ್ನು ತೆರೆದಿಟ್ಟು ಕೂರುವುದು. ಅವಳ ಊರಿನಲ್ಲಿ ಹಗಲು ಬಾಗಿಲು ಹಾಕಿದರೆ ಮನೆಯಲ್ಲಿ ಯಾರಿಗೋ ಕಾಯಿಲೆ ಎಂದರ್ಥವಂತೆ. "ಎಸಿ ತಂಪೆಲ್ಲ ಹೊರಗೆ ಹೋಗ್ತದೆ, ಬಾಗಿಲು ಹಾಕು!" ಎಂದು ಜೋಯ್ಲಿನ್ ಕೂಗುವಳು. ಎವ್ಲಿನ್ ಅಷ್ಟೂ ಕೂಗುತ್ತಿರಲಿಲ್ಲ.

ಹೀಗೆ ಒಂದು ವರ್ಷ. ಆಮೇಲೆ ಬಂತು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಆ ಶುಕ್ರವಾರ. ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಎವ್ಲಿನ್ ಲಿಫ್ಟಿನಿಂದ ಹೊರಬಂದರೆ ಮುಂಬಾಗಿಲು ಹಾರುಹೊಡೆದಿದೆ. ಹೊಸ್ತಿಲಲ್ಲಿ ಒಂದು ಬಟ್ಟಲು ಅಕ್ಕಿ, ಅಕ್ಕಿಯ ಮೇಲೆ ನೆಟ್ಟಗೆ ನಿಲ್ಲಿಸಿದ ಹಸಿ ಮೊಟ್ಟೆ, ಪಕ್ಕದಲ್ಲಿ ಉರಿಯುವ ಊದುಬತ್ತಿ. ಬಟ್ಟಲಿನ ಕೆಳಗೆ ಮಡಚಿಟ್ಟ ಬಟ್ಟೆ ಯಾವುದು? ಎವ್ಲಿನ್ ಹಿಂದಿನ ದಿನ ತೊಟ್ಟು ಒಗೆಯಲು ಹಾಕಿದ್ದ ಅವಳದೇ ರವಿಕೆ! ಸುಸನ್ ಹೊರಗಿನ ಓಣಿಯತ್ತ ಮುಖ ಮಾಡಿ, ಸಣ್ಣ ದನಿಯಲ್ಲಿ ಏನೋ ಹಾಡಿ ಹಾಡಿ ಕರೆಯುತ್ತಿದ್ದಾಳೆ.

ಎವ್ಲಿನ್ ಹಾಗೆ ಊರಿನ ಶಿರ್ವದ ಕಡೆ ಹುಟ್ಟಿ ಬೆಳೆದವರಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಬಾವಿಕಟ್ಟೆಯ ಬಳಿ ಕುಂಕುಮ ಹಚ್ಚಿದ ಮೊಟ್ಟೆ ಕಂಡ ದಿನ ಎವ್ಲಿನ್‌ಳ ತಾಯಿ ಮೂರು ಹೊತ್ತು ಜಪಮಾಲೆ ಹಿಡಿದು ತೇರ್ಸ ಹೇಳಿಸಿ, ಅಂಗಳಕ್ಕೆಲ್ಲ ಇಗರ್ಜಿಯ ತೀರ್ಥ ಚಿಮುಕಿಸಿದ್ದಳು. ಮೊಟ್ಟೆ, ಅಕ್ಕಿ, ಉಟ್ಟ ಬಟ್ಟೆ. ಮಾಟಕ್ಕೆ ಇನ್ನೇನು ಬೇಕು?

"ನನ್ನ ಮನೆಯಲ್ಲಿ ಮಾಟ? ನನ್ನದೇ ರವಿಕೆ ಇಟ್ಟು ನನಗೇ ಮಾಟ?"

ಸುಸನ್ ಬೆಚ್ಚಿ ತಿರುಗಿ, ಮುಖವರಳಿಸಿ, ಎರಡೂ ಕೈ ಮುಂದೆ ಚಾಚಿದಳು. "ಆಂಟಿ ಕಮ್ ಹೋಮ್! ಆಂಟಿ ಕಮ್ ಹೋಮ್!"

"ಬಂದೇ ನಿಂತಿದ್ದೇನಲ್ಲ! ಬರಬಾರದಿತ್ತಾ? ಗಂಡನನ್ನು ತಿಂದ ದುಬೈ ಸಾಲ್ಲಿಲ್ಲ ಅಂತ ನೀನು ಬಂದ್ಯಾ?" ಎವ್ಲಿನ್ ಬಟ್ಟಲನ್ನು ಒದ್ದಳು. ಮೊಟ್ಟೆ ಒಡೆಯಿತು. ಅಕ್ಕಿ ಲಿಫ್ಟಿನವರೆಗೆ ಚೆಲ್ಲಿತು. "ಹೋಗು! ಈಗಿಂದೀಗ ಹೋಗು ನನ್ನ ಮನೆಯಿಂದ!"

ಸುಸನ್ ಎರಡು ಚೀಲ ತುಂಬಿದಳು. ಹೋಗುವ ಮೊದಲು ಮಂಡಿಯೂರಿ ಕುಳಿತು ಓಣಿಯ ಅಕ್ಕಿಯನ್ನು ಒಂದು ಕಾಳೂ ಬಿಡದೆ ಆರಿಸಿದಳು.

ಮೂರು ತಿಂಗಳ ಮೇಲೆ ಒಂದು ಸಂಜೆ, ಜೋಯ್ಲಿನ್ ಕರೆದದ್ದಕ್ಕೆ, ಅದೇ ಎರಡು ಚೀಲ ಹಿಡಿದು ಬಂದು ನಿಂತಳು. ಎವ್ಲಿನ್ ಮೇಜಿನ ಮೇಲೆ ಇನ್ನೊಂದು ತಟ್ಟೆ ಇಟ್ಟಳು. ನಮ್ಮ ಕಡೆಯವರು ಕ್ಷಮೆ ಕೇಳುವುದು ತಟ್ಟೆಯಲ್ಲೇ ಹೊರತು ಬಾಯಲ್ಲಲ್ಲ. ಎಲ್ಲಿದ್ದೆ ಎಂದು ಅವಳು ಕೇಳಲಿಲ್ಲ. ಆ ಮೊಟ್ಟೆ ಏನಿತ್ತು ಎಂದೂ ಕೇಳಲಿಲ್ಲ. ಇವತ್ತು ಕೇಳೋಣ, ನಾಳೆ ಕೇಳೋಣ ಎನ್ನುತ್ತ ಎರಡು ವರ್ಷ ಹೋಯಿತು. ಕೊನೆಗೆ ಕೇಳಲು ಆಳೇ ಇಲ್ಲವಾಯಿತು.

ಫೋನು ಬಂದ ಮರುದಿನ, ಶುಕ್ರವಾರ, ಎವ್ಲಿನ್ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದ ಜೋಯ್ಲಿನ್‌ಳನ್ನು ಹಿಡಿದು ಕೂರಿಸಿದಳು. "ನಿಂಗೊತ್ತುಂಟಾ, ಆಗ ಎಲ್ಲಿದ್ದಳು?"

"ಇಲ್ಲ ಆಂಟಿ. ನಾನು ಫೋನು ಮಾಡಿದ್ದು ಮಾತ್ರ. ಎಲ್ಲಿದ್ದಿ ಅಂದ್ರೆ ಗುಡ್ ಪ್ಲೇಸ್, ಗುಡ್ ಪ್ಲೇಸ್ ಅಂತಿದ್ಲು." ಜೋಯ್ಲಿನ್ ಸ್ವಲ್ಪ ಹೊತ್ತು ತನ್ನ ಉಗುರು ನೋಡಿಕೊಂಡಳು. "ಒಂದು ಮಾತು ಹೇಳ್ಲಾ? ಬೈಬಾರ್ದು. ನೀವು ಆ ದಿನ ಬೊಬ್ಬೆ ಹೊಡೆದ್ರಲ್ಲ, ನಾನು ಒಳಗೆ ಮಂಚದ ಮೇಲೆ ಕೂತು ಅತ್ತೆ. ಸುಸನ್‌ಗಾಗಿ ಅಲ್ಲ. ಫೆಲಿಕ್ಸ್ ಅಂಕಲ್ ಹೋದ ಮೇಲೆ ನಿಮ್ಮ ಸ್ವರ ಕೇಳಿದ್ದೇ ಅವತ್ತು. ಮರುದಿನ ನೀವು ಸಾರಿಗೆ ಉಪ್ಪು ಕಮ್ಮಿ ಅಂದ್ರಿ. ನೆನಪುಂಟಾ?"

ಎವ್ಲಿನ್‌ಗೆ ನೆನಪಿರಲಿಲ್ಲ. ಉಪ್ಪಿನ ಮಾತು ಈಗ ಯಾಕೆ ಎಂದುಕೊಂಡು ಚಪ್ಪಲಿ ಮೆಟ್ಟಿ ಕೆಳಗಿಳಿದಳು.

ಕಟ್ಟಡದ ಬುಡದಲ್ಲಿ ಉಸ್ಮಾನಾಕನ ಗ್ರೋಸರಿ. ಬೆಳ್ತಂಗಡಿ ಕಡೆಯ ಬ್ಯಾರಿ. ಮೂವತ್ತು ವರ್ಷದಿಂದ ಅದೇ ಗಲ್ಲಾದ ಹಿಂದೆ ಕೂತು, ಯಾರ ಮನೆಗೆ ಯಾವ ಹೊತ್ತಿಗೆ ಎಷ್ಟು ಹಾಲು ಹೋಗುತ್ತದೆಂಬುದರಿಂದಲೇ ಆ ಮನೆಯ ಜಾತಕ ಬರೆಯಬಲ್ಲ ಮನುಷ್ಯ.

"ಉಸ್ಮಾನಾಕ, ಸುಸನ್ ನಮ್ಮನೆಯಿಂದ ಹೋದಾಗ..."

"ನೀವು ಓಡಿಸಿದಾಗ," ಎಂದ ಉಸ್ಮಾನಾಕ ಈರುಳ್ಳಿ ತೂಗುತ್ತಲೇ.

"ಆಯ್ತು ಮಾರಾಯ್ರೆ, ಓಡಿಸಿದಾಗಲೇ. ಎಲ್ಲಿಗೆ ಹೋದಳಂತ ಗೊತ್ತುಂಟಾ ನಿಮಗೆ?"

"ನಂಗೆ ಗೊತ್ತಿಲ್ಲದೆ ಮತ್ತೆ? ಎರಡು ಬ್ಯಾಗು ಹಿಡ್ಕೊಂಡು ಇದೇ ಫ್ರಿಜ್ಜಿನ ಹತ್ರ ನಿಂತಿದ್ಲು. ಅಳ್ಲೂ ಇಲ್ಲ, ಮಾತಾಡ್ಲೂ ಇಲ್ಲ. ಲಬಾನ್ ಮಜ್ಜಿಗೆ ಕೊಟ್ಟೆ, ಕುಡಿದ್ಲು. ನನ್ನ ತಂಗಿ ಮಗಳು ಜಸೀನಾ ಇದ್ದಾಳಲ್ಲ ಅಬುಧಾಬಿಯಲ್ಲಿ, ಗಂಡ ಶಹೀರ್ ಅಲ್ ಮೀನಾದಲ್ಲಿ ಕಾರ್ಪೆಟ್ ರಿಪೇರಿ ಮಾಡೋದು. ಅವರಿಗೆ ಸೂಜಿ ಕೆಲಸಕ್ಕೆ ಜನ ಬೇಕಿತ್ತು, ಇವಳ ಅಂಗಡಿಯವರು ಹೇಗೂ ರಜೆಗೆ ಹೋಗು ಅಂತಿದ್ರು. ನಾನೇ ಬಸ್ಸು ಹತ್ತಿಸಿದ್ದು."

"ಎರಡು ವರ್ಷ ಆಯ್ತು! ನನಗೊಂದು ಮಾತು ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

ಉಸ್ಮಾನಾಕ ತಕ್ಕಡಿಯಿಂದ ತಲೆಯೆತ್ತಿದ. "ನೀವು ಕೇಳಿದ್ರಾ ಬಾಯಮ್ಮ?"

ಶನಿವಾರ ಎವ್ಲಿನ್ ಅಲ್ ಗುಬೈಬಾದಿಂದ ಅಬುಧಾಬಿಯ ಬಸ್ಸು ಹಿಡಿದಳು. ಕಿಟಕಿಯ ಹೊರಗೆ ಮರಳು, ಖರ್ಜೂರದ ಗಿಡ, ಮರಳು. ಎರಡು ಚೀಲ ಹಿಡಿದು ಇದೇ ದಾರಿಯಲ್ಲಿ ಹೋದವಳು ಯಾವ ಕಡೆಯ ಕಿಟಕಿಗೆ ಕುಳಿತಿದ್ದಳೋ! ಬಂದರಿನ ಹತ್ತಿರ ಟ್ಯಾಕ್ಸಿ ಇಳಿದಾಗ ಮೊದಲು ಮೀನಿನ ವಾಸನೆ ಬಂತು. ಆಮೇಲೆ ಒಂದು ಹಡಗು ಕೂಗಿತು. ಕೋಣವೇ ಸರಿ. ಎವ್ಲಿನ್ ರಸ್ತೆ ದಾಟುವುದನ್ನು ಮರೆತು ಅದು ನಿಲ್ಲುವವರೆಗೆ ನಿಂತಳು.

ಜಸೀನಾ ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮಾವ ಫೋನು ಮಾಡಿದ್ದರಿಂದ ಬಾಗಿಲಲ್ಲೇ ಕಾದಿದ್ದಳು. "ಬನ್ನಿ ಬಾಯಮ್ಮ, ಬನ್ನಿ. ಸುದ್ದಿ ಕೇಳಿ ನಂಗೆ ಎರಡು ದಿನ ಅನ್ನ ಇಳಿಲಿಲ್ಲ." ಒಳಗೆ ಕೂರಿಸಿ, ಸ್ಟೀಲಿನ ಲೋಟದಲ್ಲಿ ನೀರು ತಂದಿಟ್ಟಳು. ಗೋಡೆಯ ಬದಿಗೆ ಸುತ್ತಿಟ್ಟ ಕಾರ್ಪೆಟ್ಟುಗಳು. ಮೂಲೆಯ ಮಂಚ ತೋರಿಸಿ, "ಅಲ್ಲೇ ಮಲಗ್ತಿದ್ಲು," ಎಂದಳು. "ಅಂಚು ಬಿಚ್ಚಿದ ಕಾರ್ಪೆಟ್ ಅವಳ ಕೈಗೆ ಕೊಟ್ರೆ ಹೊಸತು ಯಾವುದು ಹಳತು ಯಾವುದು ಅಂತ ಶಹೀರಿಗೇ ಗೊತ್ತಾಗ್ತಿರ್ಲಿಲ್ಲ."

ಎವ್ಲಿನ್ ಲೋಟ ಮುಟ್ಟದೆ ಕೇಳಿದಳು: "ನಾನು ಯಾಕೆ ಓಡಿಸಿದ್ದು ಅಂತ ಹೇಳಿದ್ಲಾ?"

"ಹೇಳದೆ? ಮೊಟ್ಟೆ ವಿಷಯ ಅಲ್ವಾ?" ಜಸೀನಾ ಎದುರು ನೆಲದ ಮೇಲೆಯೇ ಕುಳಿತಳು. "ನಮ್ಮ ಸಣ್ಣವಳು ಆಗ ನಾಲ್ಕು ವರ್ಷದವಳು. ಲಿಫ್ಟಲ್ಲಿ ಒಬ್ಳೇ ಸಿಕ್ಕಿಬಿದ್ಲು, ಅರ್ಧ ಗಂಟೆ. ಹೊರಗೆ ತಂದ ಮೇಲೆ ಮಾತಿಲ್ಲ, ಊಟ ಇಲ್ಲ, ಗೋಡೆ ನೋಡ್ಕೊಂಡು ಕೂರೋದು. ಡಾಕ್ಟ್ರು ಎಲ್ಲ ಸರಿ ಉಂಟು ಅಂದ್ರು. ಒಂದು ಬೆಳಿಗ್ಗೆ ನೋಡ್ತೇನೆ, ಈ ಸುಸನ್ ಲಿಫ್ಟಿನ ಎದುರು ಮಗುವಿನ ಫ್ರಾಕು, ಅಕ್ಕಿ, ಮೊಟ್ಟೆ ಇಟ್ಕೊಂಡು ಹಾಡ್ತಾ ಇದ್ದಾಳೆ. ಯಾ ಅಲ್ಲಾ, ನಾನು ಹೆದರಿಹೋದೆ ಬಾಯಮ್ಮ! ನಮ್ಮೂರಲ್ಲಿ ಮೊಟ್ಟೆ ಅಂದ್ರೆ ಎಂತ ಅಂತ ಗೊತ್ತುಂಟಲ್ಲ."

"ಮತ್ತೆ? ನೀನೇನು ಮಾಡಿದಿ?"

"ಎಂತ ಮಾಡೋದು, ಕೇಳಿದೆ. ಎಂತ ಇದು ಅಂತ."

ಎವ್ಲಿನ್ ಬಾಯಿ ಕಣ್ಣು ಕೆಳಗಿಳಿಸಿದಳು.

"ಕೇಳಿದ್ರೆ ಹೇಳಿದ್ಲು. ಅವಳ ಹಿಂದಿ ಅರ್ಧ, ಕೈಸನ್ನೆ ಅರ್ಧ. ಮನುಷ್ಯ ತುಂಬಾ ಹೆದರಿದ್ರೆ, ತುಂಬಾ ಬೇಜಾರಾದ್ರೆ, ಅವನ ಜೀವ ಅದು ನಡೆದ ಜಾಗದಲ್ಲೇ ಬಿದ್ದುಹೋಗ್ತದಂತೆ. ಮೈ ಮಾತ್ರ ಮನೆಗೆ ಬರ್ತದಂತೆ. ಆಗ ಬಾಗಿಲು ತೆರೆದಿಟ್ಟು, ಅವನು ಉಟ್ಟ ಬಟ್ಟೆ ಇಟ್ಟು, ಅನ್ನ ಉಂಟು ಬಾ, ಮೊಟ್ಟೆ ಉಂಟು ಬಾ, ಮನೆಗೆ ಬಾ ಅಂತ ಕರೀಬೇಕಂತೆ. ನನ್ನ ಮಗಳ ಜೀವ ಲಿಫ್ಟಲ್ಲಿ ಕೂತಿತ್ತಂತೆ. ನಿಮ್ಮದು..." ಜಸೀನಾ ನಿಲ್ಲಿಸಿದಳು.

"ಹೇಳು."

"ನಿಮ್ಮದು ಯಾವುದೋ ಆಸ್ಪತ್ರೆ ಗೇಟಲ್ಲಿ ನಿಂತಿತ್ತಂತೆ. ಎರಡು ವರ್ಷದಿಂದ. ಆಂಟಿ ಅಲ್ಲೇ ನಿಂತಿದ್ದಾಳೆ, ಮನೆಗೆ ಬರೋದು ಬರೀ ಬಟ್ಟೆ ಅಂತಿದ್ಲು."

ಹೊರಗೆ ಮತ್ತೊಂದು ಹಡಗು ಕೂಗಿತು. ಎವ್ಲಿನ್ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಾಗಲಿಲ್ಲ.

"ನಾನು ಬೈದೆ, ಬಟ್ಟಲು ಒದ್ದೆ. ಅಷ್ಟು ಮಾಡಿದ ಮೇಲೆ ಇಲ್ಲಿ ಬಂದು ಶಾಪ ಹಾಕ್ಲಿಲ್ವಾ ನನಗೆ?"

"ಶಾಪವಾ?" ಜಸೀನಾ ಕಣ್ಣೊರಸಿಕೊಳ್ಳುತ್ತಲೇ ನಕ್ಕಳು. "ಬಂದ ದಿನ ಆ ಮಂಚದಲ್ಲಿ ಕೂತು ಎಂತ ಖುಷಿ ಗೊತ್ತುಂಟಾ ಅವಳಿಗೆ! ಕೆಲಸ ಆಯ್ತು ಅಂದ್ಲು. ಆಂಟಿ ಬೈದಳು, ದೊಡ್ಡ ಸ್ವರದಲ್ಲಿ ಬೈದಳು, ಕಾಲಲ್ಲಿ ಒದ್ದಳು, ಕಣ್ಣಲ್ಲಿ ನೀರು ಬಂತು, ಆಂಟಿ ಬಂದುಬಿಟ್ಟಳು ಅಂದ್ಲು. ನಿಮ್ಮ ಹಾಗೆ ಸೊಂಟಕ್ಕೆ ಕೈ ಇಟ್ಟು ತೋರಿಸಿದ್ಲು ಕೂಡ. ನಾವೆಲ್ಲ ಬಿದ್ದು ಬಿದ್ದು ನಕ್ಕದ್ದು."

ಆಗ ಎವ್ಲಿನ್ ಅತ್ತಳು. ಉಸಿರು ಸಿಕ್ಕಿಕೊಳ್ಳುವಂತೆ, ಮೂಗು ಸೋರುವಂತೆ, ಅಪರಿಚಿತರ ಮನೆಯಲ್ಲಿ ಕಾರ್ಪೆಟ್ ಸುರುಳಿಗೆ ಒರಗಿಕೊಂಡು ಅತ್ತಳು. ಫೆಲಿಕ್ಸ್‌ಗೂ ಹೀಗೆ ಅತ್ತಿರಲಿಲ್ಲ. ಜಸೀನಾ ಅಳಬೇಡಿ ಎನ್ನಲಿಲ್ಲ. ಎದ್ದು ಹೋಗಿ ಸುಮ್ಮನೆ ಅನ್ನಕ್ಕಿಟ್ಟಳು.

ಹೊರಡುವಾಗ ಎವ್ಲಿನ್ ಪುಸ್ತಕ ಪೆನ್ನು ತೆಗೆದಳು. "ಹಾಡಲ್ಲಿ ಹೇಳ್ಬೇಕಂತೆ. ನೀರು ಯಾರದ್ದು ಅಂತ ಬರೀಲಿ? ನಿನ್ನದಾ, ಶಹೀರ್‌ದಾ?"

"ನೀರು ಪಡಚೋನ್‌ದು ಬಾಯಮ್ಮ, ದೇವರದ್ದು. ನಮ್ಮದು ನಳ್ಳಿ ಮಾತ್ರ." ಸ್ವಲ್ಪ ಯೋಚಿಸಿ, "ಜಸೀನಾ ಅಂತಲೇ ಬರೀರಿ. ಅವಳಿಗೆ ಆ ಹೆಸರು ಸರಿಯಾಗಿ ಹೇಳ್ಲಿಕ್ಕೆ ಬರ್ತಿತ್ತು," ಎಂದಳು.

ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಮೊದಲ ಮೀಸ್ ಪೂಜೆ ಮುಗಿಸಿ ಬಂದು ಎವ್ಲಿನ್ ಲಾನ್‌ಗೆ ಫೋನು ಮಾಡಿದಳು. ಅಲ್ಲಿ ಆಗಲೇ ಮಧ್ಯಾಹ್ನ. ಫೋನಿನೊಳಗೆ ಡೋಲಿನ ಸದ್ದು, ಬಿದಿರಿನ ಕೊಳವೆಗಳ ವಾದ್ಯ, ಜನ, ಮಳೆ. ಎವ್ಲಿನ್ ನಿಧಾನವಾಗಿ ಹೇಳಿದಳು: ಅಂಗಡಿ. ಅಲ್ ಕುಸೈಸ್, ಎವ್ಲಿನ್. ಅಲ್ ಮೀನಾ, ಜಸೀನಾ. ಮತ್ತೆ ಅಲ್ ಕುಸೈಸ್, ಎವ್ಲಿನ್. ಆಮೇಲೆ ಇಂಟರ್‌ನ್ಯಾಷನಲ್ ಸಿಟಿ.

"ನಿಮ್ಮ ಮನೆ ಎರಡು ಸಲ ಬರ್ತದೆ," ಎಂದಳು ಲಾನ್. "ಅಜ್ಜ ಕೇಳ್ತಿದ್ದಾರೆ, ನಿಮ್ಮಲ್ಲಿಂದ ಅತ್ತೆ ಸಮುದ್ರಕ್ಕೆ ಯಾಕೆ ಹೋದ್ರು? ಹಾಡಿನಲ್ಲಿ ಕಾರಣ ಇರಬೇಕಂತೆ. ಕೆಲಸಕ್ಕಾ, ಮದುವೆಗಾ..."

ಸುಳ್ಳು ಹೇಳಲು ಒಳ್ಳೆಯ ಜಾಗ ಅದು. ಕೆಲಸಕ್ಕೆ ಎಂದರೆ ಮುಗಿಯಿತು, ಅರ್ಧ ನಿಜವೂ ಹೌದು. ಎವ್ಲಿನ್ ಗೋಡೆಯ ಮೇಲಿನ ದೇವರ ಅಲ್ತಾರನ್ನು ನೋಡಿದಳು.

"ನಾನು ಓಡಿಸಿದೆ. ಅವಳು ನನ್ನ ಜೀವವನ್ನು ಮನೆಗೆ ಕರೀತಿದ್ದಳು. ನನಗೆ ಗೊತ್ತಾಗಲಿಲ್ಲ. ಕೇಳ್ಲೂ ಇಲ್ಲ. ಓಡಿಸಿದೆ. ಅಜ್ಜನಿಗೆ ಹಾಗೇ ಹೇಳು."

ಲಾನ್ ತನ್ನ ಭಾಷೆಯಲ್ಲಿ ಹೇಳಿದಳು. ಒಂದು ಮುದಿ ಹೆಣ್ಣುದನಿ ಸಣ್ಣಗೆ ಏನೋ ಅಂದಿತು. ಪಾಂಗ್ ಎಂಬುದಷ್ಟೇ ಎವ್ಲಿನ್‌ಗೆ ತಿಳಿಯಿತು. ತಾಯಿ ಇರಬೇಕು. ಆಮೇಲೆ ಅಜ್ಜನ ಮಾತು.

"ಆಂಟಿ, ಹೇಳಿದ್ದು ಒಳ್ಳೆದಾಯ್ತು ಅಂತಾರೆ. ಇಲ್ಲದಿದ್ರೆ ಅತ್ತೆ ದಾಟುತ್ತಿರಲಿಲ್ಲ. ಹಿಂದೆ ನಡೆಯುವ ದಾರಿ ಅಲ್ವಾ? ಸಮುದ್ರದಿಂದ ಹೊರಟು ಅವಳು ಬಂದು ನಿಲ್ಲುವುದು ನೀವು ಓಡಿಸಿದ ಬಾಗಿಲಿಗೇ. ಓಡಿಸಿದ ಬಾಗಿಲನ್ನು ಆತ್ಮ ತಾನಾಗಿ ತಟ್ಟುವುದಿಲ್ಲ. ಮನೆಯವರೇ ತೆರೆದು, ಒಳಗೆ ಕರೆದು, ನೀರು ಕೊಡಬೇಕು. ಆಮೇಲೆ ಕಳಿಸಿಕೊಡಬೇಕು. ತಾಯಿ ಇಟ್ಟ ಹೆಸರಿನಲ್ಲಿ ಕರೀರಿ, ಸುಸನ್ ಅಂದ್ರೆ ಹಿರಿಯರಿಗೆ ಗೊತ್ತಾಗುವುದಿಲ್ಲ. ಇನ್ನೊಂದು, ಕಳಿಸುವಾಗ ಮತ್ತೆ ಬಾ ಅಂತ ಮಾತ್ರ ಹೇಳಬೇಡಿ. ಹೇಳಿದ್ರೆ ಅಲ್ಲೇ ಉಳಿದುಬಿಡ್ತಾಳೆ."

ಎವ್ಲಿನ್ ಫೋನನ್ನು ಸ್ಪೀಕರಿಗೆ ಹಾಕಿ ಚಪ್ಪಲಿ ಗೂಡಿನ ಮೇಲಿಟ್ಟಳು. ಜೋಯ್ಲಿನ್ ಏನೂ ಕೇಳದೆ ಒಂದು ಬಟ್ಟಲು ಅಕ್ಕಿ, ಒಂದು ಮೊಟ್ಟೆ ತಂದುಕೊಟ್ಟಳು. ಸುಸನ್ ಕುಡಿಯುತ್ತಿದ್ದ ಹಸಿರು ಮುಚ್ಚಳದ ಗಾಜಿನ ಲೋಟವನ್ನು ಎವ್ಲಿನ್ ತಾನೇ ತೊಳೆದು, ನೀರು ತುಂಬಿಸಿ, ಹೊಸ್ತಿಲಿನ ಒಳಬದಿಗೆ ಇಟ್ಟಳು.

ಹಾಡು ಶುರುವಾಯಿತು. ಅಜ್ಜನದು ಹಾಡೂ ಅಲ್ಲ ಮಾತೂ ಅಲ್ಲ; ದಣಿದವರ ಜೊತೆ ನಡೆಯುತ್ತ ಮಾತಾಡಿಸುವ ದನಿ. ಆ ದನಿಯಲ್ಲಿ ಅಲ್ ಕುಸೈಸ್ ಬಂತು, ಗುರುತು ಸಿಗುವಷ್ಟು. ಎ-ವೆ-ಲಿನ್ ಎಂಬುದು ಬಂತು. ಬಹಳ ಹೊತ್ತಿನ ಮೇಲೆ ಅಲ್ ಮೀನಾ, ಜಸೀನಾ. ಆಮೇಲೆ ಅಜ್ಜ ನಿಲ್ಲಿಸಿದ. ಡೋಲೂ ನಿಂತಿತು.

"ಈಗ, ಆಂಟಿ," ಎಂದಳು ಲಾನ್.

ಎವ್ಲಿನ್ ಬಾಗಿಲು ತೆರೆದಳು. ಮಧ್ಯಾಹ್ನಕ್ಕೆ ಮುಂಚಿನ ಖಾಲಿ ಓಣಿ. ಯಾರದೋ ಮನೆಯ ಒಗ್ಗರಣೆ ವಾಸನೆ. ಲಿಫ್ಟಿನವರೆಗೆ ಬರೀ ನೆಲ.

"ಪಾಂಗ್," ಎಂದಳು. ಸ್ವರ ಏಳಲಿಲ್ಲ. ಇನ್ನೊಮ್ಮೆ, ದೊಡ್ಡದಾಗಿ: "ಪಾಂಗ್! ಬಾ ಮಗಾ, ಒಳಗೆ ಬಾ. ಜೆವಾಣ್ ಜಾಲೆಂ? ಎಲ್ಲಿದ್ದೆ ಮೂರು ತಿಂಗಳು? ಎಷ್ಟು ದೂರದಿಂದ ಬಂದಿ. ನೀರು ಕುಡಿ."

ಪಕ್ಕದ ಫ್ಲ್ಯಾಟಿನ ಹೆಂಗಸು ಬಾಗಿಲು ಸ್ವಲ್ಪ ತೆರೆದು, ಮೊಟ್ಟೆ ನೋಡಿ, ಬಾಗಿಲು ಹಾಕಿಕೊಂಡಳು. ಎವ್ಲಿನ್ ಅದನ್ನು ಕಂಡಳು. ಕಂಡೂ ನಿಂತಳು, ಒಬ್ಬಳು ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು.

ಇನ್ನು ಕಳಿಸಬೇಕು. ನಮ್ಮ ಊರುಗಳಲ್ಲಿ ಹೊರಟವರಿಗೆ ಯಾರೂ ಬರಿದೆ ಹೋಗು ಎನ್ನುವುದಿಲ್ಲ. ಹೋಗುವವನು ಬರ್ತೇನೆ ಎನ್ನುತ್ತಾನೆ, ಇರುವವರು ಹೋಗಿ ಬಾ ಎನ್ನುತ್ತಾರೆ. ಪಕ್ಕದ ಮನೆಗೆ ಮೊಸರು ತರಲು ಹೋಗುವವರಿಗೂ ಹಾಗೆಯೇ. ಬರಿದೆ ಹೋಗು ಎಂದು ಎವ್ಲಿನ್ ತನ್ನ ಜನ್ಮದಲ್ಲಿ ಅಂದದ್ದು ಒಂದೇ ಸಲ, ಇದೇ ಹೊಸ್ತಿಲಲ್ಲಿ, ಇವಳಿಗೇ.

"ಹೋಗು ಪಾಂಗ್," ಎಂದಳು. ಮುಂದಿನ ಮಾತು ಐವತ್ತೈದು ವರ್ಷದ ಅಭ್ಯಾಸದಿಂದ ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು. ಎವ್ಲಿನ್ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಳು.

ಡೋಲು ಮತ್ತೆ ಶುರುವಾಯಿತು. ಅಜ್ಜನ ದನಿ ಇಂಟರ್‌ನ್ಯಾಷನಲ್ ಸಿಟಿ ದಾಟಿತು. ಅಲ್ಲಿಂದ ಮುಂದಿನ ಹೆಸರುಗಳು ಎವ್ಲಿನ್‌ಗೆ ಗೊತ್ತಿಲ್ಲದವು: ಯಾವುದೋ ಕಾರ್ಖಾನೆ, ಯಾವುದೋ ಹಾಸ್ಟೆಲು, ಯಾರು ಯಾರದೋ ನೀರು. ಜೋಯ್ಲಿನ್ ಒಳಗಿನಿಂದ ಬಂದು ಪಕ್ಕದಲ್ಲಿ ನಿಂತಳು.

"ಆಂಟಿ, ಬಾಗಿಲು..."

"ಇರಲಿ," ಎಂದಳು ಎವ್ಲಿನ್. "ಇನ್ನೂ ಚಾಂಗ್‌ಪೋ ಮುಟ್ಟಲಿಲ್ಲ."

ಎಸಿಯ ತಂಪು ಕಾಲ ಬುಡದಿಂದ ಹೊಸ್ತಿಲು ದಾಟಿ ಹೊರಗೆ ಹೋಗುತ್ತಲೇ ಇತ್ತು.